ಬಸ್ ಸ್ಟಾಪಿನ ಕಟ್ಟೆ ಮೇಲೆ ಸಿಕ್ಕಿದ ಕಾಳು: ಒಂದು ಫುಡ್ ಬ್ಯಾಂಕಿನ ಪ್ರಕರಣ

ಇಲ್ಲಿ ಬರುವ ಯಾರ ಹೆಸರನ್ನೂ ಹೇಳುವುದಿಲ್ಲ. ಊರು, ಫುಡ್ ಬ್ಯಾಂಕು, ಹಂಚಿಕೆ ಕೇಂದ್ರ ಯಾವುದನ್ನೂ ಗುರುತು ಹಿಡಿಯುವ ಹಾಗೆ ಬರೆದಿಲ್ಲ. ಕುಟುಂಬದ ಕೆಲವು ವಿವರಗಳನ್ನು ಬೇಕಂತಲೇ ಬದಲಿಸಿದ್ದೇನೆ. ನಾನು ಆ ಫುಡ್ ಬ್ಯಾಂಕಿನ ಪರವಾಗಿ ಕೇಂದ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಮುಂದೆ ಬರುವ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನವೇ.

ಹಿನ್ನೆಲೆ

ಫುಡ್ ಬ್ಯಾಂಕ್ ಅಂದ ಕೂಡಲೇ ಹಸಿದವರು ಸಾಲುಗಟ್ಟಿ ನಿಂತ ಚಿತ್ರ ಕಣ್ಣಿಗೆ ಬರುತ್ತದೆ, ಅಲ್ವಾ? ಪ್ರಾದೇಶಿಕ ಫುಡ್ ಬ್ಯಾಂಕಿಗೆ ಹೋದರೆ ಸಾಮಾನ್ಯವಾಗಿ ಅಂಥ ಸಾಲೇ ಕಾಣುವುದಿಲ್ಲ. ಅಲ್ಲಿರುವುದು ಗೋದಾಮು, ಲಾರಿ, ತಕ್ಕಡಿ, ಕೋಲ್ಡ್ ಸ್ಟೋರೇಜ್. ಕಂಪನಿಯಲ್ಲಿ ಲೇಬಲ್ ತಪ್ಪಾಗಿ ಅಂಟಿಸಿದ ಮಾಲು, ಸಗಟು ವ್ಯಾಪಾರಿಗಳ ಹತ್ತಿರ ಖರ್ಚಾಗದೆ ಕೂತದ್ದು, ಬೆಳೆಗಾರರ ಬಳಿ ಮಿಕ್ಕ ತರಕಾರಿ, ಸರ್ಕಾರ ಕೊಟ್ಟದ್ದು, ದಾನದ ದುಡ್ಡಿನಲ್ಲಿ ಕೊಂಡದ್ದು ಎಲ್ಲವೂ ಅಲ್ಲಿ ಬಂದು ಇಳಿಯುತ್ತದೆ. ಅದನ್ನು ಬೇರ್ಪಡಿಸಿ, ತಾರೀಕು ನೋಡಿ, ತೂಕ ಹಾಕಿ ಸುತ್ತಲಿನ ಸಣ್ಣ ಸಣ್ಣ ಕೇಂದ್ರಗಳಿಗೆ ಕಳಿಸುತ್ತಾರೆ. ಒಂದು ಸಮುದಾಯ ಭವನ, ಒಂದು ಶಾಲೆ, ಒಂದು ಅನಾಥಾಶ್ರಮ, ಒಂದು ಸಾಮೂಹಿಕ ಅಡುಗೆಮನೆ. ಹಸಿದವರು ಕಾಣುವುದು ಈ ಕೇಂದ್ರಗಳನ್ನು. ಗೋದಾಮಿನಲ್ಲಿ ಕೂತವರಿಗೆ ಹಸಿದವರು ಕಾಣುವುದೇ ಇಲ್ಲ. ಈ ಪ್ರಕರಣದ ಬೇರು ಇಲ್ಲೇ ಇದೆ.

ಈ ಪದ್ಧತಿ ಶುರುವಾಗಿದ್ದು 1967ರಲ್ಲಿ, ಅಮೆರಿಕದ ಫೀನಿಕ್ಸ್ ನಗರದಲ್ಲಿ. ಅಂಗಡಿಗಳು ಎಸೆದ ಒಳ್ಳೆಯ ಆಹಾರವನ್ನೇ ಆಯ್ದು ಮಕ್ಕಳಿಗೆ ಉಣಿಸುತ್ತಿದ್ದ ಒಬ್ಬ ತಾಯಿ, ದುಡ್ಡಿಡುವ ಬ್ಯಾಂಕಿನ ಹಾಗೆ ಆಹಾರ ಇಡುವ ಜಾಗವೂ ಇರಬೇಕು ಅಂದಳಂತೆ. ಅದನ್ನು ಕೇಳಿಸಿಕೊಂಡ ಜಾನ್ ವ್ಯಾನ್ ಹೆಂಗೆಲ್ ಎಂಬವರು ಮೊದಲ ಫುಡ್ ಬ್ಯಾಂಕ್ ತೆರೆದರು. 1984ರಲ್ಲಿ ಪ್ಯಾರಿಸ್‌ನಲ್ಲಿ ಯುರೋಪಿನ ಮೊದಲನೆಯದು ಬಂತು. ಅವತ್ತಿನ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಇನ್ನೊಂದು ಕಡೆ 2024ರಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು. ಮಧ್ಯೆ ಒಂದು ಲಾರಿ ಓಡಿಸಿದರೆ ಸಾಕು ಅಂತ ಅನ್ನಿಸುವುದು ಸಹಜ. ನಮಗೂ ಹಾಗೇ ಅನ್ನಿಸಿತ್ತು.

ಸಮಸ್ಯೆ ಕಂಡದ್ದು ಹೇಗೆ

ನಮ್ಮ ಕೇಂದ್ರಗಳಲ್ಲಿ ಒಂದರಲ್ಲಿ 112 ಮನೆಗಳು ಹೆಸರು ಬರೆಸಿದ್ದವು. ಎಂಟು ತಿಂಗಳಲ್ಲಿ ವಾರವಾರ ಬರುವವರು ಎಪ್ಪತ್ತರ ಹತ್ತಿರಕ್ಕೆ ಇಳಿದರು. ತಿಂಗಳ ವರದಿಯಲ್ಲಿ ನಾನು ಒಂದು ಸಾಲು ಬರೆದೆ: "ಈ ಭಾಗದಲ್ಲಿ ಅಗತ್ಯ ಕಡಿಮೆಯಾಗುತ್ತಿದೆ." ಸಭೆಯಲ್ಲಿ ಎಲ್ಲರಿಗೂ ಖುಷಿ. ಯಾರೂ ಯಾಕೆ ಅಂತ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅದೇ ವಾರ ಪಕ್ಕದ ಶಾಲೆಯ ಟೀಚರ್ ಒಬ್ಬರು ಫೋನ್ ಮಾಡಿದರು. ವಾರದ ಮೊದಲ ದಿನ ಮಧ್ಯಾಹ್ನ ಮಕ್ಕಳು ಎರಡು ಸಲ, ಮೂರು ಸಲ ಬಡಿಸಿಕೊಳ್ಳುತ್ತಾರೆ, ವಾರದ ಕೊನೆಗೆ ಅಷ್ಟು ತಿನ್ನುವುದಿಲ್ಲ ಅಂದರು. ರಜೆಯ ಎರಡು ದಿನ ಮನೆಯಲ್ಲಿ ಏನೂ ಇರಲ್ಲ ಅನ್ನಿಸುತ್ತೆ ಮೇಡಂ, ನಿಮ್ಮಿಂದ ಏನಾದರೂ ಆಗುತ್ತಾ ಅಂತ ಕೇಳಿದರು.

ಅಗತ್ಯ ಕಡಿಮೆ ಅಂತ ನನ್ನ ವರದಿ. ಮಕ್ಕಳು ಹಸಿದು ಬರುತ್ತಿದ್ದಾರೆ ಅಂತ ಅವರ ಮಾತು. ಎರಡರಲ್ಲಿ ಒಂದು ಸುಳ್ಳಿರಬೇಕು.

ಟೀಚರ್ ಹೇಳಿದ ಮಕ್ಕಳಲ್ಲಿ ಇಬ್ಬರ ಮನೆ ನಮ್ಮ ರಿಜಿಸ್ಟರ್‌ನಲ್ಲಿತ್ತು. ಅಕ್ಕ, ತಮ್ಮ. ತಾಯಿ ಆಫೀಸುಗಳಲ್ಲಿ ರಾತ್ರಿ ಪಾಳಿಯ ಕ್ಲೀನಿಂಗ್ ಕೆಲಸ ಮಾಡುತ್ತಿದ್ದರು. ಜೊತೆಗೆ ಸಕ್ಕರೆ ಕಾಯಿಲೆಯ ಅತ್ತೆ. ಮೂರನೇ ಮಹಡಿಯಲ್ಲಿ ಬಾಡಿಗೆಯ ಒಂದು ರೂಮು, ಒಂದೇ ಒಲೆ. ಮೂರು ವಾರ ಬಂದು ಕಿಟ್ ತೆಗೆದುಕೊಂಡು ಹೋಗಿದ್ದಾರೆ. ಆಮೇಲೆ "ಬರಲಿಲ್ಲ, ಬರಲಿಲ್ಲ, ಬರಲಿಲ್ಲ". ಮೂರು ಸಲ ಬರದಿದ್ದರೆ ಹೆಸರು ತೆಗೆಯುವುದು ನಮ್ಮ ನಿಯಮ. ಹೀಗೆ ನಾವು ತೆಗೆದ ಹೆಸರುಗಳು ಒಟ್ಟು 19. ಹೆಸರು ನಾವೇ ತೆಗೆದು, ಜನ ಕಡಿಮೆಯಾದರು ಅಂತ ನಾವೇ ಬರೆದುಕೊಂಡಿದ್ದೆವು.

ಮೊದಲ ಪ್ರಯತ್ನ: ಕಿಟ್ ದೊಡ್ಡದು ಮಾಡಿದ್ದು

ಕಾರಣ ಹುಡುಕುವ ಮೊದಲೇ ಪರಿಹಾರ ಹುಡುಕಿದೆವು. ಬಸ್ ಚಾರ್ಜ್ ಕೊಟ್ಟು ಬರುವವರಿಗೆ ನಾವು ಕೊಡುವ 9 ಕಿಲೋ ಸಾಲುತ್ತಿಲ್ಲ, ಅದಕ್ಕೇ ಬರುತ್ತಿಲ್ಲ ಅನ್ನುವುದು ನಮ್ಮ ಊಹೆ. ಕಿಟ್ಟನ್ನು 14 ಕಿಲೋಗೆ ಏರಿಸಿದೆವು. ಗೋದಾಮಿನಲ್ಲಿ ಒಣ ಕಾಳು, ಹಿಟ್ಟು, ಹಾಲಿಗೆ ಹಾಕಿ ತಿನ್ನುವ ಸಿಹಿ ಸೀರಿಯಲ್ ರಾಶಿ ಬಿದ್ದಿತ್ತು, ಅದೂ ಖಾಲಿಯಾಯಿತು. ಹೊರಗೆ ಹೋದ ತೂಕ ಏರಿತು, ವರದಿ ಇನ್ನೂ ಚೆಂದ ಕಂಡಿತು.

ಒಂದು ಸಂಜೆ ಕೇಂದ್ರದ ಕೆಲಸ ಮುಗಿಸಿ ಬಸ್ ಸ್ಟಾಪಿಗೆ ಬಂದೆ. ಅಲ್ಲಿನ ಸಿಮೆಂಟ್ ಕಟ್ಟೆ ಮೇಲೆ ಯಾರೋ ಅಂಗಡಿ ಹರಡಿದ ಹಾಗೆ ಸಾಮಾನು ಇತ್ತು. ಕೆಂಪು ರಾಜ್ಮಾದ ಎರಡು ಪೊಟ್ಟಣ. ಸೀರಿಯಲ್ಲಿನ ಬಣ್ಣದ ಡಬ್ಬಿ. ಓಪನರ್ ಇಲ್ಲದೆ ತೆಗೆಯಲಾಗದ ಒಂದು ದೊಡ್ಡ ಟಿನ್. ಎರಡು ಕಿಲೋ ಹಿಟ್ಟಿನ ಚೀಲ, ಒಂದು ಮೂಲೆ ಒದ್ದೆಯಾಗಿತ್ತು. ಎಲ್ಲದರ ಮೇಲೂ ನಮ್ಮದೇ ಸ್ಟಿಕರ್, ಅವತ್ತಿನದೇ ತಾರೀಕು.

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅಂತ ನಮ್ಮ ಲಾರಿ ಡ್ರೈವರ್ ಆಗಾಗ ಹೇಳುತ್ತಿದ್ದರು. ಅವರದ್ದೇ ಸರಿ ಅನ್ನಿಸಿತು. ಅಷ್ಟರಲ್ಲಿ ವಯಸ್ಸಾದವರೊಬ್ಬರು ಬಂದು ಕಟ್ಟೆ ಮೇಲೆ ಚೀಲ ಇಟ್ಟರು. ಒಂದೊಂದೇ ಪೊಟ್ಟಣ ತೆಗೆದು ಕೈಯಲ್ಲಿ ತೂಗಿ ನೋಡುತ್ತಾ ಎರಡು ಗುಂಪು ಮಾಡತೊಡಗಿದರು. ಒಯ್ಯುವುದು ಒಂದು, ಬಿಡುವುದು ಒಂದು. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ಕಾಳು ಯಾಕೆ ಬಿಡ್ತಿದ್ದೀರಿ ಅಂದೆ.

"ಇದನ್ನ ರಾತ್ರಿ ನೆನೆ ಹಾಕಬೇಕು, ಆಮೇಲೆ ಗಂಟೆಗಟ್ಟಲೆ ಬೇಯಿಸಬೇಕು. ಗ್ಯಾಸ್ ಅವರು ಕೊಡ್ತಾರಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬಸ್ ಹತ್ತೋಕೆ ಒಂದು ಕೈ ಖಾಲಿ ಬೇಕಮ್ಮ" ಅಂದರು.

ರಾಜ್ಮಾದ ವಿಷಯದಲ್ಲಿ ಅವರ ಮಾತಿಗೆ ಇನ್ನೊಂದು ಮುಖವೂ ಇದೆ. ಕೆಂಪು ರಾಜ್ಮಾವನ್ನು ನೆನೆಸಿ, ಚೆನ್ನಾಗಿ ಕುದಿಸಿಯೇ ತಿನ್ನಬೇಕು. ಉರುವಲು ಉಳಿಸಲು ಅರೆಬೆಂದದ್ದನ್ನು ತಿಂದರೆ ವಾಂತಿ, ಭೇದಿ ಆಗಬಹುದು. ಒಂದೇ ಒಲೆಯಿರುವ, ಗ್ಯಾಸಿಗೆ ಕೈ ಬಿಗಿ ಹಿಡಿಯುವ ಮನೆಗೆ ನಾವು ವಾರವಾರ ಅದನ್ನೇ ತುಂಬಿ ಕಳಿಸುತ್ತಿದ್ದೆವು. ನಮ್ಮ ಗೋದಾಮಿನಲ್ಲಿ ಜಾಸ್ತಿ ಇತ್ತು ಅನ್ನುವುದೊಂದೇ ಕಾರಣ.

ಎರಡನೇ ಪ್ರಯತ್ನ: ಮನೆ ಬಾಗಿಲಿಗೆ ವ್ಯಾನ್

ಭಾರ ಹೊರುವುದೇ ಕಷ್ಟ ಅಂತಾದರೆ ಮನೆಗೇ ತಲುಪಿಸೋಣ ಅಂದೆವು. ಆ ತಾಯಿಯ ಮನೆಯೂ ಸೇರಿ 12 ಮನೆ ಆರಿಸಿದೆವು. ಹಗಲು ಹನ್ನೊಂದು ಗಂಟೆಗೆ ವ್ಯಾನ್ ಹೊರಡುತ್ತಿತ್ತು. ಅದರ ಎರಡೂ ಬದಿಗೆ ಆಳೆತ್ತರದ ಅಕ್ಷರದಲ್ಲಿ ನಮ್ಮ ಹೆಸರು, ಕೆಳಗೆ ಹಸಿವಿನ ಬಗ್ಗೆ ಒಂದು ಘೋಷಣೆ. ದಾನಿಗಳಿಗೆ ಕಾಣಲಿ ಅಂತ ಬರೆಸಿದ್ದು.

ಮೊದಲ ವಾರ ಆಕೆ ಬಾಗಿಲು ಅರ್ಧ ತೆರೆದು, ಪೆಟ್ಟಿಗೆ ಒಳಗೆಳೆದುಕೊಂಡು, ಥ್ಯಾಂಕ್ಸ್ ಅಂದು ಮುಚ್ಚಿದರು. ಎರಡನೇ ವಾರ ಬಾಗಿಲೇ ತೆರೆಯಲಿಲ್ಲ. ಒಳಗೆ ಮಗುವಿನ ದನಿ ಕೇಳುತ್ತಿತ್ತು ಅಂತ ವ್ಯಾನಿನ ಹುಡುಗ ಬಂದು ಹೇಳಿದ. ಮೂರನೇ ವಾರ ಕೇಂದ್ರಕ್ಕೆ ಫೋನ್ ಬಂತು: "ದಯವಿಟ್ಟು ಗಾಡಿ ಕಳಿಸಬೇಡಿ. ನಮಗೆ ಏನೂ ಬೇಡ."

ಇದನ್ನು ಪೂರ್ತಿ ಸೋತ ಪ್ರಯತ್ನ ಅನ್ನಲಾರೆ. ಹನ್ನೆರಡರಲ್ಲಿ ನಾಲ್ಕು ಮನೆಯವರು ಹಾಸಿಗೆ ಹಿಡಿದವರು ಅಥವಾ ಒಬ್ಬರೇ ಇರುವ ವೃದ್ಧರು. ಅವರಿಗೆ ವ್ಯಾನ್ ಬೇಕೇ ಬೇಕಿತ್ತು, ಅದು ಮುಂದುವರಿಯಿತು. ಉಳಿದ ಎಂಟು ಮನೆಗೆ ನಾವು ಕಳಿಸಿದ್ದು ಊಟದ ಜೊತೆ ಒಂದು ಜಾಹೀರಾತು.

ತಿರುವು

ಮೂರನೆಯದಕ್ಕೆ ಕೈ ಹಾಕುವ ಮೊದಲು ಸರ್ವೆ ಮಾಡೋಣ ಅಂತ ನಾನು ಎರಡು ಪುಟದ ಪ್ರಶ್ನೆಪಟ್ಟಿ ತಯಾರಿಸಿದೆ. ಕೇಂದ್ರದಲ್ಲಿ ಚೀಲ ಮಡಿಸುವ ಕೆಲಸ ಮಾಡುತ್ತಿದ್ದ, ಅಷ್ಟಾಗಿ ಮಾತಾಡದ ಹಿರಿಯರೊಬ್ಬರು ಅದನ್ನು ನೋಡಿ, "ಇಷ್ಟೆಲ್ಲ ಯಾಕೆ? ಹೆಸರು ತೆಗೆದವರಿಗೇ ಫೋನ್ ಮಾಡಿ. ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಬೇಡಿ. ಕೊನೇ ಸಲ ಬಂದ ದಿನ ಏನಾಯ್ತು ಅಂತ ಕೇಳಿ" ಅಂದರು.

ಈ ಎರಡು ಪ್ರಶ್ನೆಗಳ ವ್ಯತ್ಯಾಸ ನನಗೆ ಫೋನ್ ಹಿಡಿದ ಮೇಲೆ ಗೊತ್ತಾಯಿತು. ಯಾಕೆ ಬರಲಿಲ್ಲ ಅಂದರೆ ಜನ ಕ್ಷಮೆ ಕೇಳುತ್ತಾರೆ. ಏನಾಯ್ತು ಅಂದರೆ ಕಥೆ ಹೇಳುತ್ತಾರೆ.

ಹತ್ತೊಂಬತ್ತರಲ್ಲಿ ಹನ್ನೊಂದು ಜನ ಮಾತಾಡಿದರು. ಇಬ್ಬರಿಗೆ ಕೆಲಸ ಸಿಕ್ಕಿತ್ತು, ನಮ್ಮ ಅಗತ್ಯ ನಿಜವಾಗಿಯೂ ಮುಗಿದಿತ್ತು. ನನ್ನ ವರದಿಯ ಸಾಲು ಅವರಿಬ್ಬರ ಮಟ್ಟಿಗೆ ಸರಿ. ಉಳಿದವರ ಕಥೆ ಬೇರೆ. ಪ್ರತಿ ಸಲ ಆದಾಯದ ಪತ್ರ ಕೇಳುತ್ತೀರಿ, ಕೂಲಿ ಮಾಡುವವನು ಎಲ್ಲಿಂದ ತರಲಿ ಅಂದರು ಒಬ್ಬರು. ಸಾಲಿನಲ್ಲಿ ಮಗಳ ಕ್ಲಾಸಿನ ಹುಡುಗಿ ಸಿಕ್ಕಳು, ಆಮೇಲೆ ಮಗಳು ನನ್ನ ಜೊತೆ ಬರಲು ಒಪ್ಪಲಿಲ್ಲ ಅಂದರು ಇನ್ನೊಬ್ಬರು. ಹಗಲು ಹತ್ತರಿಂದ ಹನ್ನೆರಡರ ಸಮಯಕ್ಕೆ ರಜೆ ಹಾಕಿದರೆ ಆ ದಿನದ ಕೂಲಿಯೇ ಹೋಗುತ್ತದೆ ಅಂದವರು ಮೂವರು.

ಆ ತಾಯಿ ಮೊದಲ ಎರಡು ಸಲ ಫೋನ್ ಕಟ್ ಮಾಡಿದರು. ಮೂರನೇ ಸಲ ಸಂಜೆ, ಕೆಲಸಕ್ಕೆ ಹೊರಡುವ ಮೊದಲು ಸಿಕ್ಕರು. ಕೊನೆಯ ಸಲ ಬಂದ ದಿನ ಅವರು ಪಾಳಿ ಮುಗಿಸಿ, ನಿದ್ದೆ ಮಾಡದೆ, ಯೂನಿಫಾರ್ಮ್‌ನಲ್ಲೇ ಸಾಲಿಗೆ ಬಂದಿದ್ದರು. ಟೇಬಲ್ಲಿನಲ್ಲಿದ್ದವರು ಯೂನಿಫಾರ್ಮ್ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಕೆಲಸ ಇದೆಯಲ್ಲ, ಮತ್ಯಾಕೆ ಬಂದ್ರಿ?" ಅಂದರಂತೆ. ಆಕೆ ಕಿಟ್ ತೆಗೆದುಕೊಂಡು ಹೋದರು. ಅದರಲ್ಲಿದ್ದ ಸಿಹಿ ಸೀರಿಯಲ್ ಅತ್ತೆ ತಿನ್ನುವ ಹಾಗಿರಲಿಲ್ಲ, ಕಾಳು ಬೇಯಿಸಲು ಹೊತ್ತಿರಲಿಲ್ಲ. ಮತ್ತೆ ವ್ಯಾನ್? ಹಗಲು ಹನ್ನೊಂದು ಅವರ ನಿದ್ದೆಯ ಸಮಯ. ಕೆಳಗಿನ ಮಹಡಿಯಲ್ಲೇ ಮನೆ ಮಾಲೀಕರು. "ತಿನ್ನೋಕೇ ಇಲ್ದಿದ್ರೆ ಬಾಡಿಗೆ ಎಲ್ಲಿಂದ ಕೊಡ್ತಾಳೆ ಅಂದ್ಕೊಳ್ಳಲ್ವಾ ಅವ್ರು?"

ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

ಟೇಬಲ್ಲಿನಲ್ಲಿ ಕೂತಿದ್ದವರು ನಮ್ಮ ಅತ್ಯಂತ ಹಳೆಯ ಕಾರ್ಯಕರ್ತೆ. ಹತ್ತು ವರ್ಷದಿಂದ ಒಂದು ವಾರವೂ ತಪ್ಪಿಸಿದವರಲ್ಲ. ಆಹಾರ ದುರುಪಯೋಗ ಆಗಬಾರದು ಅನ್ನುವ ಕಾಳಜಿಯಿಂದಲೇ ಅವರು ಹಾಗೆ ಕೇಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಅವರನ್ನು ಟೇಬಲ್ಲಿನಿಂದ ಸ್ಟಾಕ್ ನೋಡುವ ಕೆಲಸಕ್ಕೆ ಬದಲಿಸಿದೆ. ಕಾರಣವನ್ನು ನೇರವಾಗಿ ಹೇಳಲು ಧೈರ್ಯ ಸಾಲದೆ, ಸುಮ್ನೆ ಹೊಸ ವ್ಯವಸ್ಥೆ ಅಂದುಬಿಟ್ಟೆ. ಅವರಿಗೆ ಬೇರೆ ಯಾರಿಂದಲೋ ನಿಜ ಗೊತ್ತಾಯಿತು. ಎರಡು ತಿಂಗಳಿಗೆ ಬಿಟ್ಟು ಹೋದರು. ಹೇಳಿದ್ದರೆ ಉಳಿಯುತ್ತಿದ್ದರೇನೋ.

ಮೂರನೇ ಪ್ರಯತ್ನ: ಕಿಟ್ ಬಿಟ್ಟು ಕಪಾಟು

ಈ ಸಲ ಮೂರು ಕಡೆ ಒಟ್ಟಿಗೆ ಕೈ ಹಾಕಿದೆವು.

ಆದಾಯದ ಪತ್ರ ಕೇಳುವ ಫಾರಂ ಕಿತ್ತು ಹಾಕಿದ್ದು ಸುಲಭದ್ದು. ಮನೆಯಲ್ಲಿ ಹಸಿವಿದೆಯೇ ಅಂತ ತಿಳಿಯಲು ಎರಡೇ ಮಾತು ಸಾಕಾಗುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ, ದುಡ್ಡು ಬರುವ ಮೊದಲೇ ಆಹಾರ ಮುಗಿದುಹೋಗುತ್ತೇನೋ ಅನ್ನುವ ಚಿಂತೆ ಇತ್ತಾ? ತಂದದ್ದು ಮುಗಿದು, ಮತ್ತೆ ತರಲು ದುಡ್ಡಿಲ್ಲದ ಹಾಗೆ ಆಗಿತ್ತಾ? ಅಮೆರಿಕದ ಸರ್ಕಾರ ಬಳಸುವ 18 ಪ್ರಶ್ನೆಗಳ ಪಟ್ಟಿಯಿಂದ ಈ ಎರಡನ್ನು ಆಯ್ದು, ಹಸಿವಿನ ಅಪಾಯದಲ್ಲಿರುವ ಬಹುಪಾಲು ಕುಟುಂಬಗಳು ಇವುಗಳಲ್ಲೇ ಗೊತ್ತಾಗುತ್ತವೆ ಅಂತ 2010ರ ಒಂದು ಅಧ್ಯಯನ ತೋರಿಸಿತು. ಆಸ್ಪತ್ರೆಗಳಲ್ಲೂ ಇವನ್ನು ಬಳಸುತ್ತಾರೆ. ಯಾವ ಪತ್ರವೂ ಬೇಡ. ಯಾರೋ ಒಬ್ಬರು ಸುಳ್ಳು ಹೇಳಿ ಒಂದು ಚೀಲ ಒಯ್ದರೆ ಆಗುವ ನಷ್ಟ, ಒಂಬತ್ತು ಮನೆ ದೂರವಾದ ನಷ್ಟಕ್ಕಿಂತ ದೊಡ್ಡದಲ್ಲ ಅನ್ನುವುದು ನನ್ನ ವಾದ. ಸಮಿತಿಯಲ್ಲಿ ಎಲ್ಲರೂ ಒಪ್ಪಲಿಲ್ಲ. ಆರು ತಿಂಗಳು ನೋಡೋಣ ಅಂದರು.

ಸಮಯವನ್ನು ವಾರಕ್ಕೊಂದು ದಿನ ಸಂಜೆ ಏಳರಿಂದ ಒಂಬತ್ತಕ್ಕೆ ಹಾಕಿದೆವು. ಹದಿನೈದು ನಿಮಿಷಕ್ಕೆ ಹನ್ನೆರಡು ಮನೆ, ಫೋನಿನಲ್ಲೇ ಸಮಯ ಕೊಡುವುದು. ಹೊರಗೆ ಸಾಲೇ ಇಲ್ಲ.

ದೊಡ್ಡ ಜಗಳ ಆದದ್ದು ಕಪಾಟಿನ ಮೇಲೆ. ಕಿಟ್ ತುಂಬುವ ಬದಲು ಅಂಗಡಿಯ ಹಾಗೆ ಜೋಡಿಸಿಟ್ಟು, ಮನೆಯ ಜನರ ಲೆಕ್ಕಕ್ಕೆ ಪಾಯಿಂಟ್ ಕೊಟ್ಟು, ಬೇಕಾದ್ದನ್ನು ಅವರೇ ಆರಿಸಲಿ ಅನ್ನುವುದು. ಎಲ್ಲರೂ ಎಣ್ಣೆಗೇ ಮುಗಿಬೀಳುತ್ತಾರೆ ಅಂತ ಹೆದರಿಸಿದವರಿದ್ದರು. ಮೊದಲ ಸಂಜೆ ಹಾಗೇ ಆಯಿತು. ನಲವತ್ತು ನಿಮಿಷದಲ್ಲಿ ಎಣ್ಣೆ ಖಾಲಿ, ಎಂಟು ಗಂಟೆಗೆ ಬಂದವರಿಗೆ ಇಲ್ಲ. ಹೇಳಿರಲಿಲ್ವಾ ಅಂದರು. ನಾನು ಸ್ಟಾಕ್ ಪುಸ್ತಕ ತೆಗೆದು ನೋಡಿದೆ. ನೂರು ಮನೆಯ ಲೆಕ್ಕಕ್ಕೆ ನಾವು ತರಿಸಿದ್ದು 30 ಬಾಟಲಿ. ಮನೆಗೊಂದು ಅಂತ ಮಿತಿ ಹಾಕಿ, ಹೆಚ್ಚು ತರಿಸಿದ ಮೇಲೆ ಆ ಗಲಾಟೆ ಮುಗಿಯಿತು. ನಾವ್ಯಾರೂ ಎಣಿಸದೇ ಇದ್ದದ್ದು ಇನ್ನೊಂದು. ಎಷ್ಟೋ ಜನ ಪಾಯಿಂಟ್ ಉಳಿಸಿಯೇ ಹೋಗುತ್ತಿದ್ದರು. ಇದು ಮನೇಲಿದೆ, ಬೇರೆಯವರಿಗೆ ಇರಲಿ ಅಂತ.

ಕಪಾಟಿನಲ್ಲಿ ಕೂತೇ ಉಳಿದದ್ದು ಒಣ ಕಾಳು. ಅದನ್ನು ಪೂರ್ತಿ ಸಾಮೂಹಿಕ ಅಡುಗೆಮನೆಗೆ ಕಳಿಸಿದೆವು. ಅಲ್ಲಿ ದೊಡ್ಡ ಪಾತ್ರೆ, ದೊಡ್ಡ ಒಲೆ, ಬೇಯಿಸುವ ಕೈಗಳಿದ್ದವು. ಒಂದು ಕಡೆ ಕಟ್ಟೆ ಮೇಲೆ ಬಿಟ್ಟುಹೋಗುತ್ತಿದ್ದದ್ದು ಇನ್ನೊಂದು ಕಡೆ ನಿತ್ಯದ ಊಟವಾಯಿತು. ಅಮೆರಿಕದ ಫುಡ್ ಬ್ಯಾಂಕುಗಳ ಕೇಂದ್ರ ಸಂಸ್ಥೆ ಇದೇ ಪಾಠವನ್ನು ದೊಡ್ಡ ಮಟ್ಟದಲ್ಲಿ ಕಲಿತಿತ್ತು. ಆಲೂಗಡ್ಡೆಗೇ ಹೆಸರಾದ ಇಡಾಹೊಗೆ ಮೇಲಿನವರು ಆಲೂಗಡ್ಡೆ ಕೊಡಲು ಹೊರಟ ಕಥೆಯನ್ನು ಈ ಕ್ಷೇತ್ರದವರು ಇವತ್ತಿಗೂ ಹೇಳಿ ನಗುತ್ತಾರೆ. 2005ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ಅವರು ಹೊಸ ಪದ್ಧತಿ ತಂದರು. ಪ್ರತಿ ಫುಡ್ ಬ್ಯಾಂಕಿಗೂ ಒಂದು ಕಾಲ್ಪನಿಕ ಹಣ. ಅದರಲ್ಲಿ ತಮಗೆ ಬೇಕಾದ ಲೋಡಿಗೆ ಹರಾಜು ಕೂಗಬಹುದು. ನಮ್ಮದು ಪೆನ್ನಿನಲ್ಲಿ ಪಾಯಿಂಟ್ ಗುರುತು ಹಾಕುವ ಸಣ್ಣ ಅವತಾರ, ಅಷ್ಟೇ.

ನಡುವೆ ಒಂದು ಸಂಜೆ ಫ್ರಿಜ್ ಕೆಟ್ಟಿತು. ಯಾವಾಗ ಕೆಟ್ಟಿತೋ ಯಾರಿಗೂ ಗೊತ್ತಿಲ್ಲ, ಒಳಗಿನ ಥರ್ಮಾಮೀಟರ್ 14 ಡಿಗ್ರಿ ತೋರಿಸುತ್ತಿತ್ತು. 5 ಡಿಗ್ರಿಗಿಂತ ತಣ್ಣಗಿರಬೇಕಾದ ಹಾಲನ್ನೆಲ್ಲ ಚೆಲ್ಲಿಸಿದೆ. ಹಸಿದವರ ಮುಂದೆ ಹಾಲು ಚೆಲ್ಲುತ್ತೀರಲ್ಲ ಅಂತ ಹೊಸ ಕಾರ್ಯಕರ್ತರು ಅತ್ತೇಬಿಟ್ಟರು. ತಾರೀಕಿನ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಲ್ಲ. "ಇಷ್ಟರೊಳಗೆ ಉತ್ತಮ" ಅಂತ ಬರೆದ ಬಿಸ್ಕತ್ತು, ಟಿನ್ನು ತಾರೀಕು ದಾಟಿದರೂ ಪ್ಯಾಕ್ ಚೆನ್ನಾಗಿದ್ದರೆ ತಿನ್ನಬಹುದು, ರುಚಿ ಸ್ವಲ್ಪ ಕಡಿಮೆಯಾದೀತು. "ಇಷ್ಟರೊಳಗೆ ಬಳಸಿ" ಅಂತಿದ್ದರೆ, ತಾರೀಕು ದಾಟಿದ ಮೇಲೆ ಕೊಡುವ ಮಾತೇ ಇಲ್ಲ. ನಮ್ಮ ಮಕ್ಕಳಿಗೆ ಕೊಡದ್ದನ್ನು ಅವರ ಮಕ್ಕಳಿಗೂ ಕೊಡುವಂತಿಲ್ಲ.

ಏನಾಯಿತು

ಆರು ತಿಂಗಳಲ್ಲಿ ವಾರಕ್ಕೆ ಬರುವ ಮನೆಗಳು 96 ಆದವು. ಮನೆಯೊಂದು ಒಯ್ಯುವ ತೂಕ ಮಾತ್ರ 14 ಕಿಲೋದಿಂದ ಹತ್ತರ ಆಸುಪಾಸಿಗೆ ಇಳಿಯಿತು. ಒಟ್ಟು ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ. ಸಭೆಯಲ್ಲಿ ಒಬ್ಬರು ಬೇಸರದಿಂದ, ಜನ ಜಾಸ್ತಿಯಾದರೂ ತೂಕ ಏರಿಲ್ಲ, ಒಬ್ಬೊಬ್ಬರಿಗೆ ಕೊಡುವುದನ್ನು ಕಡಿಮೆ ಮಾಡಿದ್ದೀರಾ ಅಂತ ಕೇಳಿದರು. ಕಟ್ಟೆಯ ಕಥೆ ಹೇಳಿದೆ. ಅವತ್ತಿನಿಂದ ವರದಿಯಲ್ಲಿ ತೂಕದ ಪಕ್ಕ ಇನ್ನೊಂದು ಕಾಲಂ ಬಂತು: ಕಳೆದ ತಿಂಗಳು ಬಂದವರಲ್ಲಿ ಈ ತಿಂಗಳೂ ಬಂದವರೆಷ್ಟು, ಬರದವರಲ್ಲಿ ಎಷ್ಟು ಜನರಿಗೆ ಫೋನ್ ಮಾಡಿದ್ದೀರಿ. ಮೂರು ಸಲ ತಪ್ಪಿದರೆ ಹೆಸರು ತೆಗೆಯುವ ನಿಯಮ ಹೋಯಿತು. ಈಗ ಎರಡು ಸಲ ತಪ್ಪಿದರೆ ನಾವೇ ಫೋನ್ ಮಾಡಬೇಕು. ಬೇರೆ ಕೇಂದ್ರದವರು ಇದರಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ ಈ ಕಾಲಂ ತೆಗೆದುಕೊಳ್ಳಲಿ ಅನ್ನುತ್ತೇನೆ. ಕಪಾಟಿಗೆ ಜಾಗ ಬೇಕು, ಸಂಜೆಗೆ ಜನ ಬೇಕು. ಫೋನಿಗೆ ಅದೇನೂ ಬೇಡ.

ಆ ತಾಯಿ ಸಂಜೆಯ ವ್ಯವಸ್ಥೆ ಶುರುವಾಗಿ ಐದನೇ ವಾರ ಬಂದರು, ಪಾಳಿಗೆ ಹೋಗುವ ದಾರಿಯಲ್ಲಿ. ಕಪಾಟಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಒಂದು ಡಬ್ಬಿ ಎತ್ತಿಕೊಂಡು, ಹಿಂದಿನ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟಿದೆ ಅಂತ ಓದಿ, "ಇದನ್ನ ವಾಪಸ್ ಇಡಬಹುದಾ?" ಅಂತ ಮೆಲ್ಲಗೆ ಕೇಳಿದರು. ಇಡಿ ಅಕ್ಕ, ಏನು ಬೇಕೋ ತಗೊಳ್ಳಿ ಅಂದ ಅಲ್ಲಿದ್ದ ಹುಡುಗ. ಅವರು ಹೋದದ್ದು ಒಂದು ಕೈಚೀಲದಲ್ಲಿ ಹಿಡಿಸುವಷ್ಟು ಸಾಮಾನಿನೊಂದಿಗೆ.

ಅವರ ಕಷ್ಟ ತೀರಿತು ಅಂತ ಬರೆಯಲು ಆಗುವುದಿಲ್ಲ. ಸಂಬಳ ಅಷ್ಟೇ ಇದೆ, ಬಾಡಿಗೆ ಏರಿದೆ. ಅವರಿಗೆ ಸಿಗಬೇಕಾದ ಒಂದು ಸರ್ಕಾರಿ ನೆರವಿಗೆ ಅರ್ಜಿ ಹಾಕಿಸಲು ಕೇಂದ್ರದಲ್ಲೇ ಒಬ್ಬರನ್ನು ಕೂರಿಸಿದೆವು, ಐದು ವಾರ ಓಡಾಡಿದ ಮೇಲೆ ಅದು ಬಂತು. ನಾವು ಕೊಟ್ಟ ಎಲ್ಲ ಚೀಲಗಳಿಗಿಂತ ಅದರಿಂದಲೇ ಅವರ ಮನೆಗೆ ಜಾಸ್ತಿ ಉಪಯೋಗವಾಯಿತು ಅನ್ನುವುದು ನನ್ನ ಅನಿಸಿಕೆ. ಟೀಚರ್‌ಗೆ ಫೋನ್ ಮಾಡಿ ಕೇಳಿದೆ. ವಾರದ ಮೊದಲ ದಿನ ಎರಡು ಸಲ ಬಡಿಸಿಕೊಳ್ಳುವ ಮಕ್ಕಳು ಈಗಲೂ ಇದ್ದಾರೆ, ಆ ಇಬ್ಬರು ಮಾತ್ರ ಅಷ್ಟು ತಿನ್ನುವುದಿಲ್ಲ ಅಂದರು.

ಬಸ್ ಸ್ಟಾಪಿನ ಕಟ್ಟೆಯನ್ನು ಈಗಲೂ ನೋಡಿಯೇ ಮುಂದೆ ಹೋಗುತ್ತೇನೆ. ಕೊನೆಯ ಸಲ ನೋಡಿದಾಗ ಉಪ್ಪಿನ ನಾಲ್ಕು ಪೊಟ್ಟಣ ಸಾಲಾಗಿ ಕೂತಿದ್ದವು, ನಮ್ಮದೇ ಸ್ಟಿಕರ್. ಎಲ್ಲರಿಗೂ ಬೇಕಾಗುತ್ತೆ ಅಂತ ಉಪ್ಪನ್ನು ಮಾತ್ರ ನಾವೇ ಪ್ರತಿ ವಾರ ಪ್ರತಿ ಚೀಲಕ್ಕೂ ಹಾಕುತ್ತಿದ್ದೆವು. ವಾರಕ್ಕೊಂದು ಪೊಟ್ಟಣ ಉಪ್ಪು ಯಾರ ಮನೆಯಲ್ಲಿ ಖರ್ಚಾಗುತ್ತದೆ! ನಾಲ್ಕನ್ನೂ ಬ್ಯಾಗಿಗೆ ಹಾಕಿಕೊಂಡು, ಮರುದಿನ ಕಪಾಟಿನಲ್ಲಿಟ್ಟೆ.